ಡಾವಾ ಕಾಲೋ, ದಾಯಾ ಕಾಲೋ

ಮೊನ್ನಿ ಒಬ್ಬಾಕಿ ಹುಡುಗಿ ಮೈಲೂರಿನ ನಮ್ಮ ಮನಿಗಿ ಬಂದಿದ್ದಳು. ಕೋಳಿ ಸಾಕ್ತಾಳಂತ, ಪ್ರದರ್ಶನಕ್ಕ ಕಳಸ್ತಾಳಂತ. ಫೋನ್ ತೆಗೆದು ಒಂದು ಹುಂಜದ ಫೋಟೋ ತೋರಿಸಿ, "ಆಂಟಿ, ಇದರ ನಸಲ್ ಹ್ಯಾಂಗದ ಹೇಳ್ರಿ" ಅಂದಳು. ನಮ್ಮ ಕಡಿ ಕೋಳಿ ಮಂದಿ ವಂಶಕ್ಕ ನಸಲ್ ಅಂತೇವಿ.

"ಇದರ ಅವ್ವನ ಫೋಟೋ ಅದನೇನು?" ಅಂದೆ.

"ಇಲ್ರಿ."

"ಅಕ್ಕತಂಗೇರದು?"

"ಅದೂ ಇಲ್ರಿ."

"ಹಂಗಾದ್ರ ನೀ ತೋರಿಸಿದ್ದು ಕೋಳಿ ಅಲ್ಲವ್ವಾ, ಕ್ಯಾಲೆಂಡರ್."

ಪಾಪ, ಹುಡುಗಿ ಮಾರಿ ಸಣ್ಣ ಮಾಡ್ಕೊಂಡಳು. ನನ್ನ ನಾಲಿಗಿ ಮೊದಲಿಂದಲೂ ಹಿಂಗೇ. ಚಹಾ ಕುಡಿಸಿ, ಎರಡು ಛಲೋ ಮಾತು ಹೇಳಿ ಕಳಿಸಿದೆ. ಆಕಿ ಹೋದ ಮ್ಯಾಲ ಅನಿಸ್ತು, ಬಂದವರಿಗೆಲ್ಲಾ ಹಿಂಗ ಬೈಕೋತ ಕೂಡೂದಕಿಂತ ಒಮ್ಮಿ ಬರ್ದು ಇಟ್ರ ಆತು. ಅದಕ್ಕ ಬರೀಲಿಕ್ಕ ಕುಂತೇನಿ.

ನನ್ನ ಹೆಸರು ಮಂಗಲಾ. ತವರು ಖಟಕ ಚಿಂಚೋಳಿ. ಹತ್ತನೇತ್ತಾ ಪಾಸಾಗಿ, ಲಗ್ನ ಆಗಿ ಬೀದರಿಗಿ ಬಂದೆ. ಬಾಪುಸಾಹೇಬರು ಅಂತ ಒಬ್ಬರು ಹೊಲಮನಿ ಇದ್ದವರು, ಊರ ಹೊರಗ ಕೋಳಿ ವಾಡಾ ಇಟ್ಟಿದ್ರು. ಅಕ್ಷರ ದುಂಡಗ ಬರೀತಾಳ ಅಂತ ಹೇಳಿ ನನಗ ಅಲ್ಲಿ ವಹಿ ಬರಿಯೂ ಕೆಲಸ ಕೊಟ್ರು. ಯಾವ ತತ್ತಿ ಯಾವ ಯಾಟಿದು ಅಂದ್ರ ಯಾವ ಹೆಣ್ಣುಕೋಳಿದು, ಅದರ ಅಪ್ಪ ಯಾವ ಹುಂಜ, ಮರಿ ಯಾವಾಗ ಆತು, ಇದೇ ವಹಿ. ಮೂವತ್ತು ವರ್ಷದ ಮ್ಯಾಲ ಬರ್ದೇನಿ. ನನ್ನ ಮಕ್ಕಳ ಹುಟ್ಟಿದ ತಾರೀಖು ಕೇಳಿದ್ರ ಒಂದು ಗಳಿಗಿ ವಿಚಾರ ಮಾಡ್ತೇನಿ, ಆ ಕೋಳಿಗಳದು ಕೇಳ್ರಿ, ತಟ್ಟನೆ ಹೇಳ್ತೇನಿ.

ಕೋಳಿ ಅಂದ ಕೂಡ್ಲೇ ಮಂದಿ ಕೇಳ್ತಾರ, ಜಗಳಾ ಆಡಿಸೂ ಕೋಳಿ ಏನ್ರಿ ಅಂತ. ಅಲ್ರೀಪಾ! ನಮ್ಮವು ಅಸೀಲ್ ಜಾತಿಯವೇ ಖರೆ, ಆದ್ರ ಪ್ರದರ್ಶನದವು. ನೂರಿ ಅಂತಾರ, ಪೂರಾ ಬಿಳಿ. ನಿಂತ್ರ ಬೆನ್ನು ನೆಟ್ಟಗ, ಪುಕ್ಕ ಮೈಗಿ ಹತ್ತಿ ಕುಂತಿರಬೇಕು, ಕಣ್ಣು ಮುತ್ತಿನ ಬಣ್ಣ ಇರಬೇಕು. ಪಂಜರದಾಗ ನಿಂದ್ರಿಸಿದ್ರ ನೋಡಿದವರು ಮುಂದಕ್ಕ ಹೋಗಬಾರದು.

ನನಗ ಈ ಕೆಲಸ ಕಲಿಸಿದವರು ಖಾಜಾಮಿಯಾ. ವಾಡಾದ ಹಿರಿಯ ಆಳು. ಅಕ್ಷರ ಬರ್ತಿರಲಿಲ್ಲ, ಆದ್ರ ಒಂದು ಕೋಳಿ ಕೈಯಾಗ ಹಿಡಿದ್ರ ಅದರ ಅಜ್ಜಿ ಹ್ಯಾಂಗ ನಡೀತಿತ್ತು ಅಂತ ಹೇಳೂ ಮನಷ್ಯಾ. ನಾನು ಚಾಚಾ ಅಂತಿದ್ದೆ. ಆ ನೂರಿ ನಸಲ್ ಅವರ ಅಬ್ಬಾ ಕಟ್ಟಿದ್ದು. ಅಬ್ಬಾ ತೀರಿದ ಮ್ಯಾಲ ಚಾಚಾ ಎಲ್ಲಾ ಕೋಳಿ ತಗೊಂಡು ಬಾಪುಸಾಹೇಬರ ಹಂತ್ಯಾಕ ಬಂದು, "ಹೊರಗಿನ ರಕ್ತ ಕೂಡಿಸಬ್ಯಾಡ್ರಿ, ಅಷ್ಟೇ ನನ್ನ ಮಾತು" ಅಂದಿದ್ರಂತ. ಸಾಹೇಬರು ಹೂಂ ಅಂದಿದ್ರು. ಕಾಗದ ಇಲ್ಲ, ಸಹಿ ಇಲ್ಲ.

ನನಗ ಚಾಚಾ ಕಲಿಸಿದ ಮೊದಲ ಪಾಠ ಇದು: "ಬೇಟಿ, ಹುಂಜದ ಮಾರಿ ನೋಡಬ್ಯಾಡ. ಅದರ ಅಮ್ಮಾಗ ನೋಡು, ಅಕ್ಕತಂಗೇರಿಗಿ ನೋಡು." ಕಿವಿಮ್ಯಾಗ ಹಾಕ್ಕೊಳಲಿಲ್ಲ ನಾನು. ಭಾಲ್ಕಿಯಿಂದ ಒಬ್ಬರು ವಕೀಲರು ಬಂದಾಗ ಚಾಚಾ ನಮಾಜಿಗಿ ಹೋಗಿದ್ರು. ನಾನೇ ಮುಂದ ನಿಂತು, ಇದ್ದುದರಾಗ ಭಾರಿ ಠೀವಿಯ ಹುಂಜ ಆರಿಸಿ ಕೊಟ್ಟೆ. ವಕೀಲರು ಖುಷಿಯಾಗಿ ಹೋದ್ರು. ಮುಂದಿನ ವರ್ಷ ಅದರ ಮರಿ ತಗೊಂಡು ಬಂದ್ರು. ಅಯ್ಯಯ್ಯ! ಗಿಡ್ಡ ಕಾಲು, ಜೋತುಬಿದ್ದ ರೆಕ್ಕಿ, ಬಾಜೂಮನಿ ಊರಕೋಳಿಗೂ ಅವಕ್ಕೂ ಫರಕ್ ಇರಲಿಲ್ಲ. ವಹಿ ತೆಗೆದು ನೋಡಿದೆ. ಆ ಹುಂಜದ ಐದೂ ಅಕ್ಕತಂಗೇರು ಹಂಗೇ ಇದ್ವು, ಅದೊಂದೇ ಏನೋ ನಸೀಬಿಲೆ ಚಂದ ಹುಟ್ಟಿತ್ತು.

"ಬಾಯಿ," ಅಂದ್ರು ವಕೀಲರು, "ನೀವು ನನಗ ಮದುಮಗನ್ನ ತೋರಿಸಿದ್ರಿ, ಮನಿತನ ತೋರಿಸಲಿಲ್ಲ."

ಆ ದಿನ ಭಾಳ ನಾಚಿಕಿ ಆತು. ಒಂದೇ ಕೋಳಿ ನೋಡಿ ಮಾತಾಡೂದು ಅವತ್ತಿಗೇ ಬಿಟ್ಟೆ. ನೀವೂ ಬಿಡ್ರಿ.

ಇನ್ನ ನಾನು ಬರೀಲಿಕ್ಕ ಕುಂತದ್ದೇ ಯಾವ ಗಲತಿ ಸಲುವಾಗಿ, ಅದಕ್ಕ ಬರ್ತೇನಿ. ಅದಕ್ಕಿಂತ ಮೊದಲು ನಮ್ಮ ಜೋಡಿ ಕೂಡಿಸೂ ರೀತಿ ತಿಳೀಬೇಕು. ಹೊರಗಿನ ರಕ್ತ ಬ್ಯಾಡ ಅಂದ್ರ ಒಳಗೇ ಕೂಡಿಸಬೇಕು. ಆದ್ರ ಅಣ್ಣ-ತಂಗಿ ಕೂಡಿಸಿದ್ರ ನಸಲ್ ಹಾಳು. ಅದಕ್ಕ ಚಾಚಾನ ಅಬ್ಬಾ ಒಂದೇ ನೂರಿಯೊಳಗ ಎರಡು ಮನಿ ಮಾಡಿದ್ರು. ಮ್ಯಾಲಿನ ಶೆಡ್ಡಿನವು ಮ್ಯಾಲಿನ ಮನಿ, ಕೆಳಗಿನ ಶೆಡ್ಡಿನವು ಕೆಳಗಿನ ಮನಿ. ಮ್ಯಾಲಿನ ಹುಂಜ ಕೆಳಗಿನ ಯಾಟಿಗಳಿಗಿ, ಕೆಳಗಿನ ಹುಂಜ ಮ್ಯಾಲಿನ ಯಾಟಿಗಳಿಗಿ. ಮರಿ ಯಾವಾಗ್ಲೂ ಅವ್ವನ ಮನಿದು. ನಮ್ಮಾಗ ಸ್ವಾದರಮಾವನ ಮನಿಗಿ ಹೆಣ್ಣು ಕೊಡೂದು ತರೂದು ಮಾಡೂದಿಲ್ಲೇನು, ಹಂಗ. ಎರಡೂ ಮನ್ಯಾಗ ಹುಂಜ ಇರೂ ತನಕ ಹೊರಗ ಹೋಗೂ ಜರೂರಿಲ್ಲ.

ಈಗೇನು, ಬಣ್ಣಬಣ್ಣದ ರಿಂಗ್ ಬಂದಾವ, ನಂಬರ್ ಇರ್ತದ, ಫೋನಿನಾಗ ಹಾಕಿಬಿಟ್ರ ಮುಗೀತು. ಆಗ ಸಣ್ಣ ಇಕ್ಕಳ ಇತ್ತು. ಮರಿ ಹುಟ್ಟಿದ ದಿನ ಕಾಲಬೆರಳಿನ ನಡುವಿನ ತೆಳ್ಳನ್ನ ತೊಗಲಿಗಿ ಒಂದು ತೂತು. ಒಂದು ಮನಿಗಿ ಎಡಗಾಲು, ಇನ್ನೊಂದು ಮನಿಗಿ ಬಲಗಾಲು. ಯಾವ ವರ್ಷದ ಮರಿ ಅಂತ ತಿಳೀಲಿ ಅಂತ ಸಾಹೇಬರು ವರ್ಷ ವರ್ಷ ಕಾಲು ಅದಲಿ ಬದಲಿ ಮಾಡ್ತಿದ್ರು.

ಆ ವರ್ಷ ತತ್ತಿ ಭಾಳ ಇದ್ವು. ಚಾಚಾ ಒಬ್ಬರಿಗೇ ಆಗೂದಿಲ್ಲ ಅಂತ ಬಾಪುಸಾಹೇಬರು ತಮ್ಮ ಅಕ್ಕಗ ಕರಸಿ ವರ್ಷದ ಮಟ್ಟಿಗಿ ಇಲ್ಲೇ ಇಟ್ಕೊಂಡ್ರು. ಅಕ್ಕಾತಾಯಿ ಅಂತಿದ್ದೆವು, ಭಾಲ್ಕಿಗಿ ಕೊಟ್ಟ ಹೆಣ್ಣುಮಗಳು, ಗಟ್ಟಿ ಕೈ, ಗಟ್ಟಿ ಧ್ವನಿ, ಮಾತೆಲ್ಲಾ ಅರ್ಧಾ ಮರಾಠಿ. ಮರಿ ಪೆಟ್ಟಿಗಿ ತೆಗೆದ ದಿನ ಸಾಹೇಬರು ಬಾಗಿಲದಾಗ ನಿಂತು, ಮೋಟರ್‌ಸೈಕಲ್ ಚಾಲೂ ಇಟ್ಟೇ, "ಮ್ಯಾಲಿನ ಮನಿಗಿ ಡಾವಾ ಹಾಕ್ರಿ" ಅಂತ ಕೂಗಿ ಹೊಂಟುಹೋದ್ರು.

ಚಾಚಾ ಒಂದು ಕಡಿ ಕುಂತು ಇಕ್ಕಳ ಒತ್ತತಿದ್ರು, ಅಕ್ಕಾತಾಯಿ ಇನ್ನೊಂದು ಕಡಿ. ನಡುವ ವಹಿ ಹಿಡಕೊಂಡು ನಾನು. ಚಾಚಾ "ದಾಯಾ" ಅಂದ್ರ ಬಲ ಅಂತ ಬರೀತಿದ್ದೆ. ಅಕ್ಕಾತಾಯಿ "ಡಾವಾ" ಅಂದ್ರ ಎಡ ಅಂತ ಬರೀತಿದ್ದೆ. ಬೀದರಿನಾಗ ಇದ್ದವರಿಗಿ ಉರ್ದು, ಮರಾಠಿ, ಕನ್ನಡ ಅಂತ ಬ್ಯಾರೆ ಬ್ಯಾರೆ ಇರ್ತಾವೇನ್ರಿ? ಮೂರೂ ಒಂದೇ ತಾಟಿನಾಗ ಉಣ್ತೇವಿ. ಅದೇ ಸೊಕ್ಕು ನನಗ ಮುಳುವಾತು.

ಆ ವರ್ಷದ ಹುಂಜಗಳೊಳಗ ವಹಿ ನೋಡಿ ಬ್ಯಾಡಾದವು ತೆಗೆದು, ಊರೂರಿಗಿ ಕೊಟ್ಟೆವು. ಮೊದಲ ಜೋಡಿ ಒಯ್ದವರು ಔರಾದಿನ ಸುಭದ್ರಾಬಾಯಿ, ಸಾಲಿ ಬಾಯಾರು, ಕೋಳಿ ಅಂದ್ರ ಜೀವ. ಅವರಿಗಿ ಕೆಳಗಿನ ಮನಿ ಹುಂಜ, ಮ್ಯಾಲಿನ ಮನಿ ಯಾಟಿ ಅಂತ ವಹಿ ನೋಡಿ ನಾನೇ ಕೊಟ್ಟಿದ್ದೆ. ನಾವು ಇನ್ನಾ ಜೋಡಿ ಕೂಡಿಸಿರಲಿಲ್ಲ, ಅಷ್ಟರಾಗ ಒಂದು ದಿನ ಔರಾದ ಬಸ್ಸಿಳಿದು, ಬುಟ್ಟಿ ಹೊತ್ತು, ಬಾಯಾರು ಸೀದಾ ವಾಡಾಕ್ಕ ಬಂದ್ರು.

"ಮಂಗಲಾಬಾಯಿ, ನೀವು ಕೊಟ್ಟಿದ್ದು ಗಂಡ-ಹೆಂಡ್ತಿನೋ, ಅಣ್ಣ-ತಂಗಿನೋ?"

"ಹಂಗ್ಯಾಕಂತೀರಿ?"

ಬುಟ್ಟಿ ತೆಗೆದ್ರು. ಒಳಗ ಜೋಡಿ ಕೋಳಿ, ಮತ್ತ ಮೂರು ಮರಿ. ಮರಿಗಳ ಬೆರಳು ಸೊಟ್ಟ ತಿರುಗಿದ್ವು, ಒಂದರ ಕೊಕ್ಕು ಕತ್ತರಿಯಂಗ ಒಂದರ ಮ್ಯಾಲೊಂದು ಹೋಗಿತ್ತು. ಉಳಿದ ತತ್ತಿ ಒಡೀಲೇ ಇಲ್ಲಂತ.

ನಾನು ವಹಿ ಮುಂದ ಹಿಡಿದು, "ನೋಡ್ರಿ, ಹುಂಜ ಬಲ, ಯಾಟಿ ಎಡ. ವಹಿ ಸುಳ್ಳ ಹೇಳೂದಿಲ್ರಿ" ಅಂದೆ.

"ವಹಿ ಸುಳ್ಳ ಹೇಳೂದಿಲ್ಲ ಖರೆ. ತತ್ತಿನೂ ಸುಳ್ಳ ಹೇಳೂದಿಲ್ಲಲ್ರಿ."

ಚಾಚಾ ಬಂದು ಹುಂಜ ಎತ್ತಿ ಕಾಲು ನೋಡಿದ್ರು. "ಹೌದು, ದಾಯಾ ಅದ. ಮ್ಯಾಲಿನ ಮನಿದು."

"ಚಾಚಾ, ದಾಯಾ ಅಂದ್ರ ಕೆಳಗಿನ ಮನಿ ಅಲ್ಲೇನ್ರಿ?"

"ನಹೀಂ ಬೇಟಿ. ಮ್ಯಾಲಿನ ಮನಿಗಿ ದಾಯಾ ಅಂತ ಸಾಹೇಬರೇ ಹೇಳಿದ್ರಲ್ಲ."

ಒಳಗಿಂದ ಅಕ್ಕಾತಾಯಿ ಹಿಟ್ಟಿನ ಕೈಲೇ ಹೊರಗ ಬಂದ್ರು. "ಯಾರು ಹೇಳಿದ್ರು? ನನ್ನ ತಮ್ಮ ಡಾವಾ ಅಂದಾನ! ಡಾವಾ! ಎಡಗಾಲು!"

ಮೂವರೂ ಒಬ್ಬರ ಮಾರಿ ಒಬ್ಬರು ನೋಡಿದೆವು. ಸಾಹೇಬರು ಮರಾಠಿ ಡಾವಾ ಅಂದಾರ, ಅದು ಎಡ. ಆ ಮೋಟರ್‌ಸೈಕಲ್ ಗದ್ದಲದಾಗ ಚಾಚಾನ ಕಿವಿಗಿ ಅದು ಉರ್ದು ದಾಯಾ ಆಗ್ಯದ, ಅಂದ್ರ ಬಲ. ಒಂದೇ ಮನಿ ಮರಿಗಿ ಅಕ್ಕಾತಾಯಿ ಎಡಗಾಲಿಗಿ ತೂತು ಹಾಕ್ಯಾರ, ಚಾಚಾ ಬಲಗಾಲಿಗಿ. ಇಬ್ಬರೂ ಬರೇ ಕಾಲು ಕೂಗ್ಯಾರ, ಮನಿ ಹೆಸರು ಕೂಗಿಲ್ಲ, ಮತ್ತ ಮೂರೂ ಭಾಷಿ ಬಲ್ಲ ಈ ಶ್ಯಾಣ್ಯಾಕಿ ಒಮ್ಮಿನೂ ಕೇಳಿಲ್ಲ. ಒಂದೇ ಭಾಷಿ ಬರ್ತಿದ್ರ ಕೇಳ್ತಿದ್ದೆ.

ಸುಭದ್ರಾಬಾಯಿ ಮೊದಲು ಸಿಟ್ಟಿಲೆ ನಿಂತಿದ್ರು, ಆಮ್ಯಾಲ ಬುಟ್ಟಿ ಹಿಡಕೊಂಡು ನಗಲಿಕ್ಕ ಚಾಲೂ ಮಾಡಿದ್ರು. "ಅಯ್ಯ ನಿಮ್ಮ, ಮೂರು ಭಾಷಿ ಕೂಡಿ ಅಣ್ಣ-ತಂಗಿ ಲಗ್ನ ಮಾಡಿಸೀರಲ್ರೆ!"

ಬಾಪುಸಾಹೇಬರು ಮಾತ್ರ ನಗಲಿಲ್ಲ. ವಾಡಾದಾಗ ಆ ವರ್ಷದ ನಲವತ್ತು ಕೋಳಿ ಉಳಿದಿದ್ವು, ಒಂದರದೂ ಮನಿ ಯಾವುದು ಅಂತ ಹೇಳೂ ಹಂಗಿಲ್ಲ. "ಅಡ್ರೆಸ್ ಇಲ್ಲದ ಕೋಳಿ ಇಟ್ಕೊಂಡು ಏನ್ ಮಾಡೂದು? ಎಂಟು ದಿನ ನೋಡ್ತೇನಿ. ಆಗಲಿಲ್ಲ ಅಂದ್ರ ಎಲ್ಲಾ ಪ್ಯಾಟಿಗಿ ಕಳಿಸಿ ಹೈದರಾಬಾದಿಂದ ಹೊಸಾ ಹುಂಜ ತರಸ್ತೇನಿ" ಅಂದ್ರು.

ಚಾಚಾ ಕೊಡ ಎತ್ತಿಕೊಂಡು ಕೋಳಿಗಳಿಗಿ ನೀರು ಹಾಕ್ಲಿಕ್ಕ ಹೋದ್ರು. ನೀರು ಬ್ಯಾರೇ ಕಡಿ ಚೆಲ್ಲತಿತ್ತು. ಹೈದರಾಬಾದಿನ ಹುಂಜ ಬಂತು ಅಂದ್ರ ಅವರ ಅಬ್ಬಾನ ನೂರಿ ಮುಗೀತು. ಅದು ನನ್ನ ವಹಿಯಿಂದ ಮುಗೀತದ. ಗೋದಾಮಿಗಿ ಹೋಗಿ ಜ್ವಾಳದ ಚೀಲದ ಹಿಂದ ಕುಂತು ಅತ್ತೆ, ಸುಳ್ಳ ಯಾಕ ಹೇಳ್ಲಿ.

ಅತ್ತು ಮುಗಿಸಿ, ಮಾರಿ ತೊಳಕೊಂಡು, ಕೋಳಿ ಒಂದೊಂದೇ ತೊಡಿ ಮ್ಯಾಲ ಇಟ್ಕೊಂಡು ಕಾಲು ನೋಡ್ಲಿಕ್ಕ ಕುಂತೆ. ಮೂರು ದಿನ ಅದೇ ಕೆಲಸ. ಕೈಯೆಲ್ಲಾ ಪರಚಿ ಕೆಂಪಾದ್ವು. ಮೂರನೇ ದಿನ ಒಂದು ಕಾಣಿಸ್ತು. ಕೆಲವಕ್ಕ ತೂತು ದುಂಡಗ, ತೊಗಲಿನ ನಟ್ಟನಡುವ ಇತ್ತು. ಕೆಲವಕ್ಕ ತೂತೇ ಇಲ್ಲ, ಅಂಚು ಸೀಳಿದಂಗ ಇತ್ತು.

ಹಿತ್ತಲದಾಗಿನ ಔಡಲ ಎಲಿ ಎರಡು ಹರಕೊಂಡು ಬಂದೆ. "ಅಕ್ಕಾತಾಯಿ, ಇದಕ್ಕೊಂದು ತೂತು ಹಾಕ್ರಿ" ಅಂದೆ. ಆಕಿ ಹಿಂದಮುಂದ ನೋಡದೆ ನಡುವಿಗೇ ಕಟಕ್ ಅಂತ ಒತ್ತಿದ್ರು. ಚಾಚಾಗ ಕೊಟ್ಟೆ. ಅವರು ಕಣ್ಣು ಸಣ್ಣ ಮಾಡಿ, ಎಲಿ ಅಂಚಿಗಿ ಹಗೂರಕ ಒತ್ತಿದ್ರು.

"ಅಂಚಿಗಿ ಯಾಕ್ರಿ ಚಾಚಾ?"

"ನಡುವ ಹಾಕಿದ್ರ ಮರಿಗಿ ನೋವಾಗ್ತದಲ್ಲ ಬೇಟಿ."

ಆ ಮುದುಕಗ ಅಲ್ಲೇ ಅಪ್ಪಿಕೊಳ್ಳೂದೊಂದು ಬಾಕಿ! ಅಂಚಿಗಿ ಹಾಕಿದ ತೂತು ಮರಿ ಬೆಳದಂಗ ಹರಿದು ಸೀಳಾಗ್ತದ. ದುಂಡು ಅಂದ್ರ ಅಕ್ಕಾತಾಯಿ ಕೈ, ಅಲ್ಲಿ ಎಡಗಾಲು ಮ್ಯಾಲಿನ ಮನಿ. ಸೀಳು ಅಂದ್ರ ಚಾಚಾನ ಕೈ, ಅಲ್ಲಿ ಬಲಗಾಲು ಮ್ಯಾಲಿನ ಮನಿ. ಒಂದೇ ದಿನದಾಗ ಮೂವತ್ತೊಂಬತ್ತು ಕೋಳಿ ತಮ್ಮ ತಮ್ಮ ಮನಿಗಿ ಹೋದ್ವು. ಅಕ್ಕಾತಾಯಿ ಹಿಡಿದು ಕೊಡ್ತಿದ್ರು, ಚಾಚಾ ಕಾಲು ಓದ್ತಿದ್ರು, ನಾನು ಬರೀತಿದ್ದೆ. ಈ ಸಲ ಮನಿ ಹೆಸರು ಕೂಗಿಸಿದೆ, ಅದೂ ಮೂರು ಮೂರು ಸಲ. ಅಕ್ಕಾತಾಯಿ ಬೈದ್ರು, ಬೈಸಿಕೊಂಡೆ.

ಎಲ್ಲಾ ಮುಗಿದ ಮ್ಯಾಲ ಚಾಚಾನ ಮಾರಿ ಮತ್ತ ಇಳೀತು. ಉಳಿದ ಹುಂಜಗಳೆಲ್ಲಾ ಮ್ಯಾಲಿನ ಮನಿವೇ. ಕೆಳಗಿನ ಮನಿ ಹುಂಜಗಳನ್ನ ನಾನು ತಪ್ಪು ವಹಿ ನೋಡಿ ಮೊದಲೇ ಕೊಟ್ಟುಬಿಟ್ಟಿದ್ದೆ, ಒಯ್ದವರು ಯಾರೂ ಉಳಿಸಿಕೊಂಡಿರಲಿಲ್ಲ. ಆ ಮನಿ ಹಳೀ ಹುಂಜ ಆ ಬ್ಯಾಸಗ್ಯಾಗ ಸತ್ತಿತ್ತು. ಕೆಳಗಿನ ಮನ್ಯಾಗ ಬರೇ ಯಾಟಿ. ಹುಂಜ ಇಲ್ಲ ಅಂದ್ರ ಮ್ಯಾಲಿನ ಯಾಟಿಗಳಿಗಿ ಗಂಡಿಲ್ಲ. ಕೆಳಗಿನ ಯಾಟಿಗಳ ಮರಿ ಬೆಳದು ಹುಂಜ ಆಗೂ ತನಕ ಇನ್ನೊಂದು ವರ್ಷ ಕಾಯಲಿಕ್ಕ ಸಾಹೇಬರು ತಯಾರಿರಲಿಲ್ಲ. ಮತ್ತ ಹೈದರಾಬಾದೇ ಗತಿ.

ನಲವತ್ತನೇದು ಒಂದು ಉಳಿದಿತ್ತಲ್ಲ, ಅದು ಹುಂಜ. ಕೂಗೂದು ಕಮ್ತಿ ಅಂತ ಚುಪ್ಪಾ ಅಂತಿದ್ದೆವು. ನಾನು ನೋಡಿದ ನೂರಿಗಳೊಳಗ ಅಂಥಾದ್ದು ಇನ್ನೊಂದಿಲ್ಲ. ಅದರ ಎರಡೂ ಕಾಲು ಸಾಫ್! ತೂತು ಕೂಡಿಹೋಗಿತ್ತು. ದುಂಡೂ ಇಲ್ಲ, ಸೀಳೂ ಇಲ್ಲ.

ಬೀದರಿನಾಗ ಪ್ರದರ್ಶನ ಹಂತ್ಯಾಕ ಬಂದಿತ್ತು. ಸಾಹೇಬರು ಕಾರ್ಡ್ ತಂದು ನನ್ನ ಮುಂದ ಇಟ್ರು. ಅಪ್ಪ ಯಾರು, ಅವ್ವ ಯಾರು, ಬರೀಬೇಕು. "ಚುಪ್ಪಾ ಕೆಳಗಿನ ಮನಿ ಅಂತ ಬರಿ ಮಂಗಲಾ. ಬಹುಮಾನನೂ ಬರ್ತದ, ಖಾಜಾನ ನಸಲ್ಲೂ ಉಳೀತದ. ಯಾರು ಬಂದು ಕೇಳ್ತಾರ?"

ಪೆನ್ನು ಕೈಯಾಗಿತ್ತು. ಚಾಚಾನ ಕಡಿ ನೋಡಿದೆ. ಹೂಂ ಅಂದ್ರ ಎಲ್ಲಕ್ಕಿಂತ ಹೆಚ್ಚು ಲಾಭ ಅವರಿಗೇ. ಚಾಚಾ ತಲಿ ಅಲ್ಲಾಡಿಸಿದ್ರು.

"ಬರೀಬ್ಯಾಡ ಬೇಟಿ. ಅದು ಮ್ಯಾಲಿನ ಮನಿದಿದ್ರ ನಾವು ಮತ್ತ ಅಣ್ಣ-ತಂಗಿನೇ ಕೂಡಿಸಿದಂಗ. ನಸಲ್ ಹೈದರಾಬಾದಿಂದ ಸತ್ರೂ ಅಷ್ಟೇ, ನಮ್ಮ ಕೈಲೇ ಸತ್ರೂ ಅಷ್ಟೇ."

ಗೊತ್ತಿಲ್ಲ ಅಂತ ಬರ್ದೆ. ಸಾಹೇಬರು ಕಾರ್ಡ್ ಕಸಕೊಂಡು ನೋಡಿದ್ರು. "ಗೊತ್ತಿಲ್ಲ ಅಂತ ಬರೀಲಿಕ್ಕ ನಿನಗ ಪಗಾರ ಕೊಡಬೇಕೇನು?"

"ಗೊತ್ತಿಲ್ಲದ್ದು ಗೊತ್ತದ ಅಂತ ಬರ್ದೇ ಅಲ್ರಿ ಇಷ್ಟೆಲ್ಲಾ ಆಗಿದ್ದು" ಅಂದೆ. ಹೇಳಿದ್ನಲ್ಲ, ನಾಲಿಗಿ. ಸಾಹೇಬರು ಕಣ್ಣು ಕೆಂಪ ಮಾಡಿದ್ರು, ಆಮ್ಯಾಲ ಮೀಸಿಯೊಳಗೇ ನಕ್ಕರು. "ಹಂಗಾದ್ರ ಗೊತ್ತು ಮಾಡ್ರಿ. ಒಂದೇ ಕಾವು. ಆ ಕಾವು ಮುಗಿದ ದಿನ ನಾ ಹೈದರಾಬಾದ ಗಾಡಿ ಹತ್ತತೇನಿ."

ಗೊತ್ತು ಮಾಡೂ ಹಾದಿ ಒಂದೇ ಇತ್ತು. ಯಾಟಿಯ ಹೊಟ್ಟ್ಯಾಗ ಹುಂಜದ ಬೀಜ ಎರಡು ಮೂರು ವಾರ ಉಳೀತದ, ಹೊಸಬರು ಇದನ್ನೇ ಮರೀತೀರಿ. ಅದಕ್ಕ ಮೊದಲು ಒಂದು ತಿಂಗಳು ಯಾವ ಹುಂಜಾನೂ ಹಂತ್ಯಾಕ ಬಿಡಲಿಲ್ಲ. ಆಮ್ಯಾಲ ಚುಪ್ಪಾಗ ಒಂದು ದಿನ ಮ್ಯಾಲಿನ ಶೆಡ್ಡು, ಒಂದು ದಿನ ಕೆಳಗಿನ ಶೆಡ್ಡು. ನವಾಬನ ಠೀವಿಲೆ ಎರಡೂ ಕಡಿ ಸಂಸಾರ ಮಾಡ್ತು. ಎರಡೂ ಮನಿ ತತ್ತಿ ಒಂದೇ ಪೆಟ್ಟಿಗಿಯೊಳಗ, ಬ್ಯಾರೆ ಬ್ಯಾರೆ ತಾಟಿನಾಗ ಇಟ್ಟೆ. ಯಾವ ಮನಿದು ಸೊಟ್ಟ ಹುಟ್ಟತದೋ ಚುಪ್ಪಾ ಆ ಮನಿ ಮಗ. ಅಂದ್ರ ಕೆಳಗಿನ ತಾಟಿನಾಗ ಮರಿ ಕೆಟ್ರ ನಮಗ ಹಬ್ಬ, ಛಲೋ ಹುಟ್ಟಿದ್ರ ಸುತಕ. ಕೋಳಿ ಕೆಲಸದಾಗ ಇಷ್ಟು ವರ್ಷ ಇದ್ದೆ, ಮರಿ ಕೆಡಲಿ ಅಂತ ಬೇಡಿಕೊಂಡದ್ದು ಅದೊಂದೇ ಸಲ.

ಇಪ್ಪತ್ತೊಂದು ದಿನ ಚಾಚಾ ಸರಿಯಾಗಿ ಉಣಲಿಲ್ಲ. ಸಾಹೇಬರು ಬ್ಯಾಗ್ ತುಂಬಿ ಇಟ್ಟಿದ್ರು.

ಇಪ್ಪತ್ತೆರಡನೇ ದಿನ ಬೆಳಗ್ಗಿ ಪೆಟ್ಟಿಗಿ ತೆಗೆದೆ. ಮ್ಯಾಲಿನ ತಾಟಿನಾಗ ಒಂದು ತತ್ತಿನೂ ಉಳಿದಿರಲಿಲ್ಲ, ಮರಿ ಒಂದರ ಮ್ಯಾಲೊಂದು ಹತ್ತಿ ಚಿಂವ್ ಚಿಂವ್ ಅಂತ ಗಲಾಟಿ ಮಾಡ್ತಿದ್ವು. ಕೆಳಗಿನ ತಾಟು ಎಳಿಯೂ ಮುಂಚೆ ಕಣ್ಣು ಮುಚ್ಚಿಕೊಂಡೆ. ಚಾಚಾನೇ ಎಳೆದ್ರು.

ಅರ್ಧಕ್ಕರ್ಧ ತತ್ತಿ ಒಡದಿರಲಿಲ್ಲ. ಹುಟ್ಟಿದ್ದವು ನಾಕಾರು ಮರಿ. ಒಂದರ ಬೆರಳು ಸೊಟ್ಟ. ಇನ್ನೊಂದರದೂ ಸೊಟ್ಟ. ಮೂರನೇದರ ಕೊಕ್ಕು ಕತ್ತರಿ. ಚಾಚಾ ಆ ಸೊಟ್ಟ ಬೆರಳಿನ ಮರಿ ಅಂಗೈಮ್ಯಾಗ ಇಟ್ಕೊಂಡು, ಅದರ ತಲಿಗಿ ಮುತ್ತು ಕೊಟ್ಟು, "ಮುಬಾರಕ್ ಬೇಟಿ, ಮುಬಾರಕ್" ಅಂದ್ರು. ಗಡ್ಡದ ಮ್ಯಾಲ ನೀರು ಇಳೀತಿತ್ತು. ನನಗೂ ಅಳು, ನಗು ಎರಡೂ ಒಮ್ಮಿಗೇ ಬಂತು.

ಗದ್ದಲ ಕೇಳಿ ಬಾಪುಸಾಹೇಬರು ಬ್ಯಾಗ್ ಹಿಡಕೊಂಡೇ ಓಡಿ ಬಂದ್ರು. "ಏನಾತು? ಕೆಟ್ಟಾವೇನು?"

"ಕೆಟ್ಟಾವ್ರಿ ಸಾಹೇಬರ! ಕೆಳಗಿನವು ಎಲ್ಲಾ ಕೆಟ್ಟಾವ!" ಅಂತ ಕುಣೀಲಿಕ್ಕ ಹತ್ತಿದೆ.

ಸಾಹೇಬರು ಒಂದು ತಾಟು ನೋಡಿದ್ರು, ಇನ್ನೊಂದು ತಾಟು ನೋಡಿದ್ರು, ಚಾಚಾನ ಮಾರಿ ನೋಡಿದ್ರು. ಬ್ಯಾಗ್ ನೆಲಕ್ಕ ಇಟ್ಟು, ಮನಿ ಕಡಿ ತಿರುಗಿ, ಊರಿಗೆಲ್ಲಾ ಕೇಳೂ ಹಂಗ ಕೂಗಿದ್ರು:

"ಅಕ್ಕಾ, ಪೇಢೆ ತಗೊಂಡು ಬಾ! ಮರಿ ಸೊಟ್ಟ ಹುಟ್ಟ್ಯಾವ!"